ಕಿಟಕಿ ಪಕ್ಕದ ಮಗ್ಗ

ಜನವರಿ 14

ಪುಟ್ಟಿಗೆ, ಅಮ್ಮನ ಆಶೀರ್ವಾದಗಳು.

ಆಶೀರ್ವಾದ ಎಂದು ಬರೆದುಬಿಟ್ಟೆ. ಅದು ನಿನ್ನ ಷರತ್ತಿನೊಳಗೆ ಬರುತ್ತದೋ ಇಲ್ಲವೋ ನೀನೇ ತೀರ್ಮಾನಿಸು. "ಪತ್ರ ಬರಿ, ಬೇಡ ಅನ್ನಲ್ಲ. ದೇವರ ಸುದ್ದಿ ಮಾತ್ರ ಬೇಡ" ಎಂದು ಕಾರ್ಡಿನಲ್ಲಿ ಬರೆದಿದ್ದೀಯ. ಅಪ್ಪ ಹೋಗಿ ನಾಲ್ಕು ವರ್ಷವಾಯಿತು. ಅವರನ್ನು ಮಣ್ಣು ಮಾಡಿದ ಮರುದಿನ ಪೆಟ್ಟಿಗೆ ಹಿಡಿದು ಹೊರಟವಳು ನೀನು ಮತ್ತೆ ಮನೆಯ ಹೊಸ್ತಿಲು ತುಳಿದಿಲ್ಲ. ಇಷ್ಟು ಕಾಲದ ಮೇಲೆ ಒಂದು ಕಾರ್ಡು ಬಂದಿರುವಾಗ ನಾನು ಷರತ್ತಿನ ಮೇಲೆ ಚೌಕಾಶಿ ಮಾಡುವುದುಂಟೇ? ಆ ಹೆಸರು ಎತ್ತುವುದಿಲ್ಲ. ನಾಲಿಗೆಯ ತುದಿಗೆ ಬಂದರೂ ಪೆನ್ನಿನ ತುದಿಗೆ ಬಿಡುವುದಿಲ್ಲ.

ಹಾಗಾದರೆ ಏನು ಬರೆಯಲಿ? ಮಿಲ್ಲು ಮುಚ್ಚಿದ ಮೇಲೆ ಕೈ ಸುಮ್ಮನಿರದು ನನಗೆ. ಗುರುವಾರ ಮಧ್ಯಾಹ್ನ ನಾವು ಕೆಲವು ಹೆಂಗಸರು (ಎಲ್ಲಿಯ ಹೆಂಗಸರು ಎಂದು ಹೇಳುವಂತಿಲ್ಲ, ಭಾನುವಾರ ಒಟ್ಟಿಗೆ ಕೂರುವವರು ಎಂದುಕೋ) ಆರೈಕೆ ಮನೆಗೆ ಹೋಗುತ್ತೇವೆ. ಒಬ್ಬಳು ತಲೆ ಬಾಚುತ್ತಾಳೆ, ಒಬ್ಬಳು ಪೇಪರು ಓದುತ್ತಾಳೆ. ನನಗೆ ಸಿಕ್ಕಿದ್ದು ಕಾಲು. ಬೋಗುಣಿಯಲ್ಲಿ ಬಿಸಿನೀರು ತುಂಬಿಸಿ, ಮುದುಕರ ಪಾದ ನೆನೆಸಿ, ಉಗುರು ಕತ್ತರಿಸಿ, ಒರೆಸಿ ಕಾಲುಚೀಲ ಹಾಕುವುದು. ಬಗ್ಗಲಾರದ ವಯಸ್ಸಿನಲ್ಲಿ ಕಾಲಿನ ಉಗುರು ಎಷ್ಟು ದೂರದ ಊರು ಎಂಬುದು ನಿನಗೆ ಈಗ ಗೊತ್ತಾಗುವುದಿಲ್ಲ.

ಹೋದ ವಾರ ಮೂಲೆಯ ಹಾಸಿಗೆಯವರ ಸರದಿ. ಗಂಟಲಿನ ಆಪರೇಷನ್ ಆಗಿ ದನಿಯೇ ಹೋಗಿದೆ, ಬಲಗೈ ನಡುಗುತ್ತದೆ, ಬರೆಯಲೂ ಆಗದು, ಬುದ್ಧಿ ಸ್ವಲ್ಪ ಅತ್ತಿತ್ತ ಆಗಿದೆ, ಇಡೀ ದಿನ ಸುಮ್ಮನೆ ತುಟಿ ಆಡಿಸುತ್ತಾರೆ ಎಂದು ದೊಡ್ಡ ಸಿಸ್ಟರ್ ಮೊದಲೇ ಹೇಳಿದ್ದರು. ನಾನು ಮಣೆ ಹಾಕಿ ಕೂತು, ಪಾದ ನೀರಿಗೆ ಬಿಟ್ಟು, ತಲೆ ಎತ್ತಿ ಮುಖ ನೋಡಿದೆ. ತುಟಿ ಆಡುತ್ತಿತ್ತು. ಸುಮ್ಮನೆ ಅಲ್ಲ ಪುಟ್ಟಿ. "ಹೆಬ್ಬೆರಳು ಹುಷಾರು, ನೋವಿದೆ" ಎನ್ನುತ್ತಿತ್ತು.

ಮಗ್ಗದ ಶೆಡ್ಡಿನ ತುಟಿಮಾತು! ಕಿವಿ ಕಿತ್ತುಹೋಗುವ ಆ ಸದ್ದಿನಲ್ಲಿ ನಾವೆಲ್ಲ ದನಿಯಿಲ್ಲದೆ ಆಡುತ್ತಿದ್ದ, ನಿನಗೂ ಹಾಲು ಕುಡಿಸಿದ ಹಾಗೆ ಕಲಿಸಿದ ಅದೇ ಮಾತು. ಮತ್ತೊಮ್ಮೆ ಮುಖ ನೋಡಿದೆ. ಗಡ್ಡ, ಕುಸಿದ ಕೆನ್ನೆ. ಆದರೆ ಕಣ್ಣು ಎಲ್ಲಿ ಹೋಗುತ್ತದೆ? ನಮ್ಮ ಹದ್ದು ಮೇಸ್ತ್ರಿ!

ಮರೆತಿಲ್ಲ ತಾನೇ? ತುಟಿಮಾತಾಡಿದವರನ್ನು ಶೆಡ್ಡಿನ ಆ ತುದಿಯಿಂದಲೇ ಹಿಡಿದು ಸಂಬಳ ಕಡಿಯುತ್ತಿದ್ದ ಹದ್ದು. ನನ್ನನ್ನು ಮಿಲ್ಲು ಮುಚ್ಚುವವರೆಗೂ ಕಿಟಕಿ ಪಕ್ಕದ ಮಗ್ಗದಿಂದ ಕದಲಿಸದೆ, ಗಾಳಿಗೆ ಒಡ್ಡಿ ಸೇಡು ತೀರಿಸಿಕೊಂಡ ಪುಣ್ಯಾತ್ಮ.

ಬರಿ. ಎರಡು ಸಾಲಾದರೂ ಸಾಕು.

ನಿನ್ನ
ಅಮ್ಮ


ಜನವರಿ 29

ಅಮ್ಮ,

ಹದ್ದನ್ನು ಮರೆಯುವುದುಂಟಾ? ಚಿಕ್ಕವಳಿದ್ದಾಗ ನಿನ್ನನ್ನು ಕರೆದುಕೊಂಡು ಹೋಗಲು ಶೆಡ್ಡಿನ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಅವರು ನೋಡಿದರೆ ಸಾಕು, ಬಾಗಿಲ ಹಿಂದೆ ಸರಿಯುತ್ತಿದ್ದೆ.

ನಾನು ಚೆನ್ನಾಗಿದ್ದೇನೆ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಅರೆಯುವ ಕೆಲಸ. ಯಂತ್ರದ ಸದ್ದು ನಿಮ್ಮ ಮಗ್ಗದಷ್ಟಿಲ್ಲ. ಕೈಗೆ ಬಿಳಿ ಹುಡಿ ಅಂಟುತ್ತದೆ, ಅಷ್ಟೇ.

ಒಂದು ಮಾತು. ಆ ಮನುಷ್ಯನಿಗೆ ನೀನು ಬೋಧನೆ ಮಾಡುತ್ತಿಲ್ಲ ತಾನೇ? ಕಾಲು ನಿನ್ನ ಕೈಯಲ್ಲಿದೆ, ಎದ್ದು ಹೋಗಲಾರರು, ಎದುರು ಮಾತಾಡಲು ದನಿ ಇಲ್ಲ. ಅಂಥವರನ್ನು ಹಿಡಿದು ಕೂರಿಸಿ ಉಪದೇಶ ಕೊಡುವುದು ಅನ್ಯಾಯ.

ಬರೆಯಬಾರದು ಅಂದುಕೊಂಡಿದ್ದೆ. ಪೆನ್ನು ನಿಲ್ಲುತ್ತಿಲ್ಲ. ನಾನು ಯಾಕೆ ಮನೆ ಬಿಟ್ಟೆ ಅಂತ ನೀನು ಯಾವತ್ತೂ ಕೇಳಲಿಲ್ಲ. ಅಪ್ಪನ ಶವಪೆಟ್ಟಿಗೆಯ ಆ ಕಡೆ ನೀನು ನಿಂತಿದ್ದೆ, ಈ ಕಡೆ ನಾನು. ನೀನು ಅಳುತ್ತಿರಲಿಲ್ಲ. ನಿನ್ನ ತುಟಿ ಆಡುತ್ತಿತ್ತು. "ಸ್ತೋತ್ರ ಕರ್ತನೇ, ಸ್ತೋತ್ರ." ಅಪ್ಪನ ಮುಖ ಇನ್ನೂ ಮುಚ್ಚಿರಲಿಲ್ಲ ಅಮ್ಮ. ಅದನ್ನು ನೋಡಿಕೊಂಡು ನೀನು ದೇವರಿಗೆ ಥ್ಯಾಂಕ್ಸ್ ಹೇಳಿದೆ. ಬೇರೆ ಯಾರಿಗೂ ಕಾಣಲಿಲ್ಲ. ತುಟಿ ಓದಲು ನೀನೇ ಕಲಿಸಿದ್ದೆ, ನನಗೆ ಕಂಡಿತು.

ಇದಕ್ಕೆ ಉತ್ತರ ಬೇಡ.

ಪುಟ್ಟಿ


ಫೆಬ್ರವರಿ 20

ನನ್ನ ಪುಟ್ಟಿಗೆ,

ನೀನು ಓದಿದ್ದು ಸರಿ. ಹಾಗೆಯೇ ಹೇಳಿದ್ದೆ, ಒಂದಕ್ಷರ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ.

ಉತ್ತರ ಬೇಡ ಎಂದಿದ್ದೀಯ. ಕೊಡಬೇಕೆಂದರೂ ನಿನ್ನ ಷರತ್ತು ಮುರಿಯದೆ ಕೊಡಲು ಬರುವುದಿಲ್ಲ. ಅದಕ್ಕೆ ಸುಮ್ಮನಿದ್ದೇನೆ. ಸುಮ್ಮನಿರುವುದು ಎಷ್ಟು ಕಷ್ಟ ಎಂದು ಮಾತ್ರ ಹೇಳಿಬಿಡುತ್ತೇನೆ. ಒಲೆಯ ಮೇಲೆ ಹಾಲಿಟ್ಟು ಕೈ ಕಟ್ಟಿ ನಿಂತ ಹಾಗಿದೆ.

ಆದರೆ ಒಂದನ್ನು ಮಾಡಿದ್ದೇನೆ. ಮೊನ್ನೆಯಿಂದ ಆ ಕೆಲಸಕ್ಕೆ ಕೂತಾಗೆಲ್ಲ (ಯಾವ ಕೆಲಸ ಎಂದು ನಿನಗೆ ಗೊತ್ತು) ಬಾಯಿಗೆ ಕರವಸ್ತ್ರ ಅಡ್ಡ ಹಿಡಿಯುತ್ತೇನೆ. ಕಣ್ಣು ಮುಚ್ಚಿದರೆ ಸಾಕು ಎಂದುಕೊಂಡಿದ್ದೆ ಇಷ್ಟು ದಿನ. ಓದಬಲ್ಲವರು ಎದುರಿಗಿದ್ದರೆ ಬಾಯಿಯನ್ನೂ ಮುಚ್ಚಬೇಕು ಎಂದು ಈಗ ತಿಳಿಯಿತು. ಭಾನುವಾರ ಪಕ್ಕದವಳು ನೆಗಡಿಯಾ ಎಂದು ಕೇಳಿದಳು. ಹೌದು ಎಂದೆ.

ಬೋಧನೆಯ ವಿಷಯ. ನೀನು ಹೇಳಿದ್ದು ನೂರಕ್ಕೆ ನೂರು ಸರಿ. ಎದುರು ಮಾತಾಡಲಾರದವರಿಗೆ ಬೋಧನೆ ಮಾಡಬಾರದು. ನಾನು ಮಾಡಿಲ್ಲ, ಮಾಡುವುದೂ ಇಲ್ಲ. ನನ್ನ ಪಾಲಿಗೆ ಬಂದಿರುವುದು ಉಗುರು, ಬೋಗುಣಿ, ಅವರ ಮಾತು ಓದಿ ಸಿಸ್ಟರ್‌ಗೆ ಹೇಳುವುದು. ಅಷ್ಟು ಮಾಡಿದರೆ ನನ್ನ ಮಟ್ಟಿಗೆ ಎಲ್ಲ ಬಂತು.

ಮೇಸ್ತ್ರಿಯ ಕಥೆ ಕೇಳು. ಅವರನ್ನು ಮಹಡಿಯ ಮೇಲಿನ ಬೀಗದ ವಾರ್ಡಿಗೆ ಹಾಕುವುದೆಂದು ತೀರ್ಮಾನವಾಗಿತ್ತು. ನೆನಪು ಕಳೆದುಕೊಂಡವರನ್ನು ಇಡುವ ಜಾಗ ಅದು. ತಲೆ ನೆಟ್ಟಗಿರುವವರು ಅಲ್ಲಿಗೆ ಹೋದರೆ ಹದಿನೈದೇ ದಿನದಲ್ಲಿ ನಿಜಕ್ಕೂ ಕೆಟ್ಟೀತು. ನಾನು ದೊಡ್ಡ ಸಿಸ್ಟರ್ ಬಳಿ ಹೋಗಿ, ಇವರು ಮಾತಾಡುತ್ತಿದ್ದಾರೆ, ನನಗೆ ಓದಲು ಬರುತ್ತದೆ ಎಂದೆ. ಅವರು ಒಳ್ಳೆಯವರು, ನಗಲಿಲ್ಲ. ಹಾಸಿಗೆಯ ಬಳಿ ಬಂದು, ಈಗ ಏನು ಹೇಳುತ್ತಿದ್ದಾರೆ ಎಂದು ಕೇಳಿದರು. ನಿಮ್ಮ ಬೂಟಿನ ಲೇಸು ಬಿಚ್ಚಿದೆಯಂತೆ, ಮುಗ್ಗರಿಸೀರಂತೆ ಎಂದೆ. ಬಗ್ಗಿ ನೋಡಿದರೆ ಬಿಚ್ಚಿಯೇ ಇತ್ತು.

ಆಮೇಲೆ ಸಿಸ್ಟರ್ ಕುರ್ಚಿ ಎಳೆದುಕೊಂಡು ಕೂತು, ಇಷ್ಟು ದಿನದಿಂದ ಇವರು ಏನನ್ನು ಕೇಳುತ್ತಿದ್ದರು, ಅದನ್ನು ಹೇಳಿ ಎಂದರು. ನಾನು ಮೇಸ್ತ್ರಿಯನ್ನು ಕೇಳಿದೆ. ನೋವಿನ ಮಾತ್ರೆ, ಮೆತ್ತನೆಯ ದಿಂಬು, ಇಂಥದ್ದೇನೋ ಬರುತ್ತದೆ ಎಂದುಕೊಂಡಿದ್ದೆ. ಅವರ ತುಟಿ ನಿಧಾನವಾಗಿ ಹೇಳಿತು:

"ಪಕ್ಕದ ಹಾಸಿಗೆಯವನಿಗೆ ಕಿಟಕಿ ಗಾಳಿ ಬಡೀತಿದೆ. ಅವನಿಗೆ ಕಣ್ಣು ಕಾಣಲ್ಲ, ಕಿಟಕಿ ತೆಗೆದಿದೆ ಅಂತ ಗೊತ್ತಾಗಲ್ಲ. ಮುಚ್ಚಿ."

ಚಳಿ ಶುರುವಾದಾಗಿನಿಂದ ಅದೊಂದೇ ಮಾತು. ಹೋಗುವವರಿಗೆ ಬರುವವರಿಗೆಲ್ಲ ಅದನ್ನೇ ಹೇಳುತ್ತಿದ್ದರು. ಜನ ಅದನ್ನು ನೋಡಿ ತಲೆ ಕೆಟ್ಟಿದೆ ಎನ್ನುತ್ತಿದ್ದರು.

ಪುಟ್ಟಿ, ಆ ಮನುಷ್ಯನನ್ನು ನಾನು ಎಷ್ಟು ವರ್ಷ ಹದ್ದು ಹದ್ದು ಎಂದು ಕರೆದೆ! ಉಗುರು ಕತ್ತರಿಸಲು ಹೋದವಳು ಅವತ್ತು ಅವರ ಪಾದ ಒರೆಸುವಾಗ ನನ್ನ ಕೈಯೇ ಬೇರೆಯಾಗಿತ್ತು. ಗೌರವ ಎಂದರೆ ಅದೇ ಇರಬೇಕು.

ಕಿಟಕಿ ಅವತ್ತೇ ಮುಚ್ಚಿತು, ಬೀಗದ ವಾರ್ಡು ರದ್ದಾಯಿತು. ಸಿಸ್ಟರ್ ತುಟಿಮಾತು ಕಲಿಯಲು ಶುರು ಮಾಡಿದ್ದಾರೆ. ಸದ್ಯಕ್ಕೆ "ನೀರು" ಎಂದು ಹೇಳಲು ಹೋದರೆ ಮುತ್ತು ಕೊಡುವ ಹಾಗೆ ಬಾಯಿ ಮಾಡುತ್ತಾರೆ. ಮೇಸ್ತ್ರಿ ಮುಖ ಆ ಕಡೆ ತಿರುಗಿಸಿಕೊಂಡು ನಗುತ್ತಾರೆ.

ನಿನ್ನ
ಅಮ್ಮ


ಮಾರ್ಚ್ 17

ಅಮ್ಮ,

ಕಿಟಕಿಯ ಸಂಗತಿ ಓದಿ ಗಾಜು ಕೈಯಲ್ಲಿ ಹಿಡಿದು ಸುಮ್ಮನೆ ಕೂತಿದ್ದೆ. ಅಂಗಡಿ ಯಜಮಾನರು ಬಂದು ಯಾಕೆ ಹುಷಾರಿಲ್ಲವಾ ಅಂದರು.

ಆದರೂ ಒಂದು ಕೇಳುತ್ತೇನೆ. ನಿನ್ನನ್ನು ಅಷ್ಟು ವರ್ಷ ಗಾಳಿಗೆ ಕೂರಿಸಿದರಲ್ಲ, ಅದರ ಬಗ್ಗೆ ಒಂದು ಮಾತಾದರೂ ಹೇಳಿದರಾ? ಪಕ್ಕದವನ ಚಳಿ ಗೊತ್ತಾಗುವವರಿಗೆ ನಿನ್ನ ಚಳಿ ಗೊತ್ತಾಗಲಿಲ್ಲವಾ?

ಕರವಸ್ತ್ರ ಹಿಡಿಯಬೇಕು ಅಂತ ನಾನು ಹೇಳಿರಲಿಲ್ಲ. ನಾನು ಹೇಗಿದ್ದರೂ ಅಲ್ಲಿಲ್ಲ.

ಭಾನುವಾರ ನೀನು ಆ ಸಾಲಿನಲ್ಲಿ, ನಾನು ಹುಡುಗಿಯರ ಸಾಲಿನಲ್ಲಿ ಕೂತಿರುವಾಗ "ಪಾದ್ರಿಗಳ ಕಾಲುಚೀಲ ಒಂದೊಂದು ಬಣ್ಣ" ಅಂತ ನಾನು ತುಟಿಯಲ್ಲಿ ಹೇಳಿದ್ದು, ನೀನು ನಗು ತಡೆಯಲಾರದೆ ಕೆಮ್ಮುತ್ತಾ ಹೊರಗೆ ಓಡಿದ್ದು ನೆನಪಾಯಿತು. ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕಿದ್ದೆವು ಅವತ್ತು. ಅಪ್ಪನೂ ನಕ್ಕಿದ್ದರು, ಕೆಮ್ಮು ಬರುವವರೆಗೆ.

ಪುಟ್ಟಿ


ಏಪ್ರಿಲ್ 22

ಪುಟ್ಟಿಗೆ,

ನೀನು ಹೇಳಿದಂತೆ ಕೇಳಿದೆ. ಮೇಸ್ತ್ರಿ, ನನ್ನನ್ನು ಯಾಕೆ ಕಿಟಕಿ ಪಕ್ಕದಿಂದ ಕದಲಿಸಲಿಲ್ಲ, ಅಂಥಾ ಸಿಟ್ಟು ಏನಿತ್ತು ಎಂದೆ. ಅವರು, "ಸಿಟ್ಟಲ್ಲ. ಅಲ್ಲಿ ಬೆಳಕಿತ್ತು" ಎಂದರು.

ನನಗೆ ತಲೆಬುಡ ಅರ್ಥವಾಗಲಿಲ್ಲ. ತುಟಿಮಾತಾಡುವವರನ್ನು ಹಿಡಿಯಲೆಂದೇ ತಾವು ತುಟಿಮಾತು ಕಲಿತದ್ದು, ಕನ್ನಡಿಯ ಮುಂದೆ ನಿಂತು ಕಲಿತದ್ದು, ಈಗ ತಮಗೆ ಉಳಿದಿರುವ ಭಾಷೆ ಅದೊಂದೇ ಎಂದು ಹೇಳಿದರು. ಹೇಳಿ ತಾವೇ ನಕ್ಕರು. ಆಮೇಲೆ ಕಿಟಕಿಯ ಬೆಳಕಿನ ಸಂಗತಿ ಬಿಡಿಸಿ ಹೇಳಿದರು, ಕೊನೆಗೆ ನನ್ನಿಂದ ಒಂದು ಕೇಳಿಕೊಂಡರು.

ಏನು ಕೇಳಿಕೊಂಡರೆಂದು ನಿನಗೆ ಬರೆಯಲು ಕೂತೆ. ಎರಡು ಸಲ ಬರೆದೆ, ಎರಡು ಸಲ ಹರಿದೆ. ಎಷ್ಟು ತಿರುಗಿಸಿ ಬರೆದರೂ ಆ ಹೆಸರು ಬಂದೇ ಬರುತ್ತದೆ. ಮಾತು ಕೊಟ್ಟ ಮೇಲೆ ಕೊಟ್ಟ ಹಾಗೆಯೇ. ಹಾಗಾಗಿ ಇಲ್ಲಿಗೆ ನಿಲ್ಲಿಸಿದ್ದೇನೆ. ಅವತ್ತು ಮನೆಗೆ ಬರುವಾಗ ಬೋಗುಣಿ ಅಲ್ಲಿಯೇ ಮರೆತು ಬಂದೆ, ಅಷ್ಟು ಮಾತ್ರ ತಿಳಿದುಕೋ.

ನಿನ್ನ ಬಗ್ಗೆ ಕೇಳುತ್ತಾರೆ. "ಬಾಗಿಲ ಹತ್ತಿರ ನಿಲ್ತಿದ್ದ ಹುಡುಗಿ ಎಲ್ಲಿ?" ಎಂದು. ದೂರದ ಊರಲ್ಲಿ ಕನ್ನಡಕಕ್ಕೆ ಗಾಜು ಮಾಡುತ್ತಾಳೆ ಎಂದೆ. ಸಿಸ್ಟರ್ ಕಲಿಯುವ ವೇಗಕ್ಕೆ ತಮ್ಮ ಆಯುಷ್ಯ ಸಾಲದಂತೆ, ಚೆನ್ನಾಗಿ ತುಟಿಮಾತು ಬಲ್ಲವರೊಬ್ಬರು ಬಂದರೆ ಮನಸ್ಸು ಬಿಚ್ಚಿ ಮಾತಾಡಬಹುದಂತೆ. ಡಾಕ್ಟರು ಇನ್ನೊಂದು ಆಪರೇಷನ್ ಬೇಡ ಎಂದಿದ್ದಾರೆ. ಬೇಡ ಎಂದರೆ ಏನು ಅರ್ಥ ಎಂದು ಅವರಿಗೂ ಗೊತ್ತು, ನನಗೂ ಗೊತ್ತು.

ಬಾ ಎಂದು ನಾನು ಹೇಳುತ್ತಿಲ್ಲ. ಅವರು ಹೇಳಿದ್ದನ್ನು ಬರೆದಿದ್ದೇನೆ. ನಾನು ಹೇಳುತ್ತಿಲ್ಲ ಎಂದರೆ ನಿನಗೆ ಅರ್ಥವಾಗುತ್ತದೆ.

ನಿನ್ನ
ಅಮ್ಮ


ಮೇ 9

ಅಮ್ಮ,

ಮುಂದಿನ ಗುರುವಾರ ಬೆಳಗಿನ ರೈಲಿಗೆ ಬರುತ್ತೇನೆ. ಸಂಜೆ ರೈಲಿಗೆ ಹೊರಡುತ್ತೇನೆ. ಒಂದೇ ದಿನ. ಮೇಸ್ತ್ರಿಯನ್ನು ನೋಡಲು. ಬೇರೆ ಏನೂ ನಿರೀಕ್ಷೆ ಇಟ್ಟುಕೊಳ್ಳಬೇಡ.

ಅಪ್ಪನ ಕೋಟು ಇನ್ನೂ ಬಾಗಿಲ ಹಿಂದೆ ಇದೆಯಾ?

ಪುಟ್ಟಿ


ಮೇ 18

ಅಮ್ಮ,

ನಿನ್ನೆಯೇ ಬರೆಯಬೇಕಿತ್ತು. ಎರಡು ದಿನ ಗಾಜು ಅರೆದೆ, ಊಟ ಮಾಡಿದೆ, ಮಲಗಿದೆ, ಮನಸ್ಸು ಮಾತ್ರ ಆ ವಾರ್ಡಿನಲ್ಲೇ ಇತ್ತು. ಇವತ್ತು ಅಂಗಡಿಗೆ ರಜೆ. ಎಲ್ಲವನ್ನೂ ಬರೆಯುತ್ತೇನೆ.

ನೀನು ನೀರು ಬದಲಾಯಿಸಲು ಹೋದೆಯಲ್ಲ, ಸಿಸ್ಟರ್ ನಿನ್ನನ್ನು ಅಲ್ಲೇ ಮಾತಿಗೆ ನಿಲ್ಲಿಸಿಕೊಂಡರಲ್ಲ, ಆಗ ಮೇಸ್ತ್ರಿ ನನ್ನನ್ನು ಹತ್ತಿರ ಕರೆದರು. ಎಷ್ಟು ಸಣ್ಣಗಾಗಿದ್ದಾರೆ! ನಾನು ಹೆದರುತ್ತಿದ್ದ ಕಣ್ಣು ಇದೇನಾ ಅನ್ನಿಸಿತು. ಯಾಕೆ ಮನೆಗೆ ಬರುತ್ತಿಲ್ಲ ಅಂತ ನೇರವಾಗಿ ಕೇಳಿದರು. ದನಿ ಇಲ್ಲದವರು ಸುತ್ತಿಬಳಸಿ ಮಾತಾಡುವುದಿಲ್ಲ. ನಾನೂ ನೇರವಾಗಿ ಹೇಳಿದೆ. ಅಪ್ಪನ ಪೆಟ್ಟಿಗೆಯ ಪಕ್ಕ ನಿಂತು ನೀನು ಹೇಳಿದ್ದನ್ನು ಓದಿದೆ, ಅದನ್ನು ಮರೆಯಲು ಆಗುತ್ತಿಲ್ಲ ಅಂತ.

"ನಾನೂ ಓದಿದೆ" ಅಂದರು.

ಅವರು ಅವತ್ತು ಬಂದಿದ್ದರಂತೆ ಅಮ್ಮ, ಎಲ್ಲರ ಹಿಂದೆ ನಿಂತಿದ್ದರಂತೆ. ಆಮೇಲೆ ಅವರು ಹೇಳಿದ್ದನ್ನು ಆದಷ್ಟು ಅವರ ಮಾತಿನಲ್ಲೇ ಬರೆಯುತ್ತೇನೆ.

"ನಿಮ್ಮಮ್ಮ ಬೆಳಿಗ್ಗೆ ಮಗ್ಗಕ್ಕೆ ಎಳೆ ಕಟ್ಟುವಾಗ ತುಟಿ ಆಡಿಸ್ತಿದ್ದಳು. ಯಾರ ಜೊತೆ ಹರಟೆ ಅಂತ ಹಿಡಿಯೋಕೆ ಹೋದೆ. ಎದುರಿಗೆ ಯಾರೂ ಇರಲಿಲ್ಲ. ಓದಿದೆ. 'ಇವತ್ತು ಒಂದು ದಿನ ಅವರನ್ನ ನನಗೆ ಉಳಿಸಿಕೊಡು ಕರ್ತನೇ.' ಅಷ್ಟೇ. ಸಂಜೆ ಮಗ್ಗ ನಿಲ್ಲಿಸುವಾಗ ಮತ್ತೆ ಓದಿದೆ. 'ನೀನು ಕೊಟ್ಟೆ. ಸ್ತೋತ್ರ.' ಮಾರನೇ ದಿನವೂ ಅದೇ. ನಿಮ್ಮಪ್ಪನ ಎದೆ ರೋಗ ಶುರುವಾದಾಗಿಂದ ಅವನು ಹೋಗುವವರೆಗೂ ಅದೇ. ಒಂದು ದಿನಕ್ಕಿಂತ ಜಾಸ್ತಿ ಆಕೆ ಯಾವತ್ತೂ ಕೇಳಲಿಲ್ಲ, ಮಗು. ಸಿಕ್ಕ ಒಂದು ದಿನಕ್ಕೂ ಸ್ತೋತ್ರ ಹೇಳದೆ ಮನೆಗೆ ಹೋಗಲಿಲ್ಲ."

ನಾನು ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡೆ, ಅವರು ಮುಂದುವರಿಸಿದರು.

"ಕೊನೇ ದಿನ ಮಾತ್ರ ಬೆಳಿಗ್ಗೆ ಕೇಳಿದ್ದಳು, ಸಂಜೆ ಮನೆಯಿಂದ ಕರೆ ಬಂತು ಅಂತ ಸ್ತೋತ್ರ ಹೇಳದೆ ಓಡಿದಳು. ಅವತ್ತು ಸಂಜೆ ಆಕೆ ಮನೆ ಮುಟ್ಟುವವರೆಗೂ ಅವನಿಗೆ ಉಸಿರಿತ್ತಲ್ಲ? ಆ ದಿನದ ಸ್ತೋತ್ರ ಬಾಕಿ ಇತ್ತು. ಪೆಟ್ಟಿಗೆ ಪಕ್ಕ ನಿಂತು ಅದನ್ನೇ ಹೇಳಿದಳು."

ಇತ್ತು ಅಮ್ಮ, ಉಸಿರಿತ್ತು. ನೀನು ಬಾಗಿಲು ತೆಗೆದ ಸದ್ದಿಗೆ ಅಪ್ಪ ಕಣ್ಣು ತೆರೆದದ್ದನ್ನು ನಾನೇ ನೋಡಿದ್ದೇನೆ. ಇಷ್ಟು ವರ್ಷ ನನಗೆ ಅದು ನೆನಪಿತ್ತು, ನಿನ್ನ ಸ್ತೋತ್ರವೂ ನೆನಪಿತ್ತು, ಎರಡನ್ನೂ ಸೇರಿಸಿ ನೋಡಲಿಲ್ಲ. ನಿನ್ನ ಮೇಲೆ ಕೋಪ ಮಾಡಿಕೊಂಡೆ. ನೀನು ನನ್ನ ಒಂದು ಷರತ್ತಿಗೆ ಕಟ್ಟುಬಿದ್ದು, ನಿನ್ನ ಪರವಾಗಿ ಒಂದು ಸಾಲೂ ಬರೆಯದೆ, ಬಾಯಿಗೆ ಕರವಸ್ತ್ರ ಹಿಡಿದು ಕೂತೆ.

ಕಿಟಕಿಯ ಬೆಳಕಿನ ಕಥೆಯನ್ನೂ ಹೇಳಿದರು. ನಿನ್ನ ತುಟಿ ಚೆನ್ನಾಗಿ ಕಾಣಲಿ ಅಂತ ಅಲ್ಲಿಂದ ಕದಲಿಸಲಿಲ್ಲವಂತೆ. ನಿನ್ನ ಪ್ರಾರ್ಥನೆಯ ನಡುನಡುವೆ ಅವರ ಹೆಸರೂ ಬರುತ್ತಿತ್ತಂತೆ, ಹದ್ದು ಅಂತಲೇ! "ಆ ಹದ್ದಿನ ಹೆಂಡತಿಗೆ ಹುಷಾರಾಗಲಿ" ಅಂತ ನೀನು ಕೇಳಿದ ದಿನ ಅವರು ಗೋದಾಮಿಗೆ ಹೋಗಿ ಅತ್ತರಂತೆ. ಅವರ ಮನೆಯ ಕಷ್ಟ ಕೇಳಿದವರು ಮಿಲ್ಲಿನಲ್ಲಿ ಬೇರೆ ಯಾರೂ ಇರಲಿಲ್ಲವಂತೆ. ಎಲ್ಲರ ತುಟಿಮಾತಿಗೂ ಸಂಬಳ ಕಡಿದವರು ನಿನ್ನದನ್ನು ಮಾತ್ರ ಕಾಣದ ಹಾಗೆ ಇದ್ದರಂತೆ, ಕಡಿದರೆ ಎಲ್ಲಿ ನಿಲ್ಲಿಸುತ್ತೀಯೋ ಅಂತ. ನೀನು ಅವರಿಗೆ ಬೋಧನೆ ಮಾಡುತ್ತಿರಬಹುದು ಅಂತ ನಾನು ರೇಗಿದ್ದೆ. ನೀನು ಮಾಡಿ ಎಷ್ಟೋ ವರ್ಷವಾಗಿತ್ತು, ನಿನಗೇ ಗೊತ್ತಿರಲಿಲ್ಲ.

ನೀನು ಹರಿದ ಕಾಗದದಲ್ಲಿ ಏನಿತ್ತು ಅಂತಲೂ ಈಗ ಗೊತ್ತು. ಆ ಬೆಳಗಿನ ಮಾತನ್ನು ತಮಗೂ ಹೇಳಿಕೊಡು ಅಂತ ಕೇಳಿಕೊಂಡರಂತಲ್ಲ. ಈಗ ದಿನಾ ಹೇಳುತ್ತಾರಂತೆ. ಅವರಿಗಾಗಿ ಅಲ್ಲ, ಪಕ್ಕದ ಹಾಸಿಗೆಯ ಕಣ್ಣು ಕಾಣದವರಿಗಾಗಿ. ನಿಮಗೆ ನಂಬಿಕೆ ಬಂತಾ ಅಂತ ಕೇಳಿದೆ. ಸ್ವಲ್ಪ ಯೋಚಿಸಿ ಹೇಳಿದರು:

"ನಿಮ್ಮ ಯೇಸುವಿನ ವಿಷಯ ನನಗೆ ಪೂರ್ತಿ ಗೊತ್ತಿಲ್ಲ. ನಿಮ್ಮಮ್ಮ ಅಷ್ಟು ವರ್ಷ ಯಾರ ಜೊತೆ ಮಾತಾಡ್ತಿದ್ದಳೋ, ಅವನ ಜೊತೆ ಮಾತಾಡ್ತೀನಿ."

ಅಷ್ಟರಲ್ಲಿ ನೀನು ಬೋಗುಣಿ ಹಿಡಿದು ಬಂದೆ. ನಾವಿಬ್ಬರೂ ಸುಮ್ಮನಾದದ್ದು ನೋಡಿ, ನನ್ನ ಮೇಲೆ ಏನು ಚಾಡಿ ಅಂತ ಕೇಳಿದೆ. ನೀನು ಬಗ್ಗಿ ಕೂತು ಅವರ ಪಾದ ಎತ್ತಿ ಮಡಿಲಿಗೆ ಇಟ್ಟುಕೊಂಡೆ. ಅಮ್ಮ, ನನಗೆ ನಿನ್ನ ಮೇಲೆ ಎಷ್ಟು ಹೆಮ್ಮೆಯಾಯಿತು ಅಂತ ಆಗಲೇ ಹೇಳಬೇಕಿತ್ತು. ನಾನು ಟವಲ್ ಕೊಟ್ಟೆ, ಅಷ್ಟೇ.

ಇನ್ನು ಸ್ಟೇಷನ್ನಿನ ಸಂಗತಿ. ನಾನು ಒಳಗೆ ಕೂತೆ, ನೀನು ಪ್ಲಾಟ್‌ಫಾರ್ಮಿನಲ್ಲಿ ನಿಂತೆ, ನಡುವೆ ದಪ್ಪ ಗಾಜು. ರೈಲು ಹೊರಡುವ ಸೀಟಿ ಆಯಿತು. ನೀನು ತಲೆ ತಗ್ಗಿಸಿದೆ, ಕರವಸ್ತ್ರ ತೆಗೆದು ಬಾಯಿಗೆ ಅಡ್ಡ ಹಿಡಿದೆ. ನಾನು ಗಾಜು ಬಡಿದೆ. ನೀನು ಹೆದರಿ ತಲೆ ಎತ್ತಿದೆ. "ಕರವಸ್ತ್ರ ತೆಗಿ ಅಮ್ಮ, ನಂಗೆ ಕಾಣಲಿ" ಅಂತ ತುಟಿಯಲ್ಲಿ ಹೇಳಿದೆ. ನಿನಗೆ ನಂಬಿಕೆಯಾಗಲಿಲ್ಲವೇನೋ, ಇನ್ನೊಮ್ಮೆ ಹೇಳಿಸಿಕೊಂಡೆ. ಆಮೇಲೆ ಕೈ ಇಳಿಸಿದೆ.

"ಒಂದು ದಿನ ಕೇಳಿದ್ದೆ. ನೀನು ಕೊಟ್ಟೆ. ಸ್ತೋತ್ರ ಕರ್ತನೇ, ಸ್ತೋತ್ರ."

ನಾನು ಪೂರ್ತಿ ಓದಿದೆ. ಅವತ್ತಿನದೇ ಮಾತು, ಅವತ್ತಿನದೇ ತುಟಿ.

ಇನ್ನು ಮೇಲೆ ಪತ್ರದಲ್ಲಿ ಏನು ಬೇಕಾದರೂ ಬರಿ. ಆ ಹೆಸರನ್ನೂ ಬರಿ. ನಾನು ಮುಂದಿನ ತಿಂಗಳು ಬರುತ್ತೇನೆ, ಒಂದು ದಿನಕ್ಕಲ್ಲ. ಮೇಸ್ತ್ರಿಗೂ ಅದನ್ನು ಹೇಳು, ಮಳೆ ಶುರುವಾದರೆ ಅವರ ಪಕ್ಕದ ಹಾಸಿಗೆಯವರ ಕಿಟಕಿ ಮುಚ್ಚಿಸು.

ರೈಲು ಚಲಿಸಿದಾಗ ನಾನೂ ಒಂದು ಮಾತು ಹೇಳಿದೆ. ಅಷ್ಟರಲ್ಲಿ ಕಂಬ ಅಡ್ಡ ಬಂತು, ನೀನು ನೋಡಿದೆಯೋ ಇಲ್ಲವೋ ಗೊತ್ತಾಗಲಿಲ್ಲ. ಅದಕ್ಕೇ ಕಾಗದದ ಮೇಲೆ ಬರೆದಿಡುತ್ತಿದ್ದೇನೆ. ನಾನು ಆಮೆನ್ ಅಂದೆ.

ನಿನ್ನ
ಪುಟ್ಟಿ